ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್) ಆಪರೇಷನ್ ಆಗಿ ಎರಡೂವರೆ ತಿಂಗಳು, ನೋವಿಲ್ಲ. ಧಾರವಾಡದಲ್ಲಿ ಮತ್ತೆ ಬೆಳಗಿನ ಓಟ ಶುರು ಮಾಡಬಹುದೇ?

ಈಗಲೇ ಬೇಡ. ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ತುಂಬಿದ ಮೇಲೆ, ಅದೂ ಕಾಲು ಸಿದ್ಧವಾಗಿದ್ದರೆ ಮಾತ್ರ. ಹರಿದ ಲಿಗಮೆಂಟಿನ ಜಾಗದಲ್ಲಿ ಹೆಚ್ಚಾಗಿ ಕೂರಿಸುವುದು ನಿಮ್ಮದೇ ಕಾಲಿನ ಸ್ನಾಯುರಜ್ಜುವಿನ ತುಂಡು. ಅದು ಮೊದಲು ಮೆತ್ತಗಾಗಿ, ಹೊಸ ರಕ್ತನಾಳ ಬೆಳೆದು, ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ತೀರಾ ದುರ್ಬಲವಾಗಿರುವುದು ಸುಮಾರು 6ರಿಂದ 12ನೇ ವಾರದಲ್ಲಿ, ಅಂದರೆ ನೋವು ಹೋಗಿ ಧೈರ್ಯ ಬರುವ ಹೊತ್ತಿಗೇ.

ಮಂಡಿ ಪೂರ್ತಿ ನೇರವಾಗಬೇಕು, ಬಾವು ಇರಬಾರದು, ತೊಡೆಯ ಮುಂಭಾಗದ ಬಲ ಇನ್ನೊಂದು ಕಾಲಿನ ಶೇ. 70–80ರಷ್ಟಾದರೂ ಇರಬೇಕು. ಕನ್ನಡಿ ಮುಂದೆ ಒಂಟಿಕಾಲಲ್ಲಿ ಅರ್ಧ ಕುಳಿತು ನೋಡಿ; ಮಂಡಿ ಒಳಕ್ಕೆ ವಾಲಿದರೆ ವ್ಯಾಯಾಮ ಇನ್ನೂ ಬಾಕಿ ಇದೆ. ಮೆನಿಸ್ಕಸ್‌ಗೂ (ಮಂಡಿಯೊಳಗಿನ ಮೆತ್ತೆ) ಹೊಲಿಗೆ ಹಾಕಿದ್ದರೆ ಇನ್ನಷ್ಟು ತಡ.

ಸರ್ಜನ್, ಫಿಸಿಯೋ ಒಪ್ಪಿದ ಮೇಲೆ ದಿನ ಬಿಟ್ಟು ದಿನ 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಹೀಗೆ 6–8 ಸಲ. ಯೂನಿವರ್ಸಿಟಿ ಗುಡ್ಡದ ರಸ್ತೆ ಸದ್ಯಕ್ಕೆ ಬಿಡಿ, ಸಮತಟ್ಟಾದ ಮೈದಾನವೇ ಒಳ್ಳೆಯದು. ಇಳಿಜಾರಿನಲ್ಲಿ ತೊಡೆಯೇ ಬ್ರೇಕ್ ಹಾಕಬೇಕು, ಆ ಭಾರವೆಲ್ಲ ಮಂಡಿಗೆ. ಮರುದಿನ ಬೆಳಿಗ್ಗೆ ಮಂಡಿಚಿಪ್ಪಿನ ಪಕ್ಕದ ಗುಳಿ ತುಂಬಿಕೊಂಡಿದ್ದರೆ ಬಾವು ಬಂದಿದೆ ಎಂದೇ ಅರ್ಥ. ಅದು ಇಳಿಯುವವರೆಗೆ ಓಟ ನಿಲ್ಲಿಸಿ.