ಅಂಜನಾದ್ರಿಗೆ ಬರುವ ದುಡ್ಡು ಆನೆಗೊಂದಿಯಲ್ಲೇ ನಿಲ್ಲಲಿ

ಆನೆಗೊಂದಿ ಹತ್ತಿರದ, ಹನುಮಂತ ಹುಟ್ಟಿದ ಜಾಗ ಅಂತ ಜನ ನಂಬುವ ಅಂಜನಾದ್ರಿ ಬೆಟ್ಟದ ಬಗ್ಗೆ ಗಂಗಾವತಿಯ ನಿವೃತ್ತ ಶಿಕ್ಷಕರೊಬ್ಬರು ನಮಗೊಂದು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಅಂಜನಾದ್ರಿಗೆ ಈಗ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದಾರೆ. ರೋಪ್‌ವೇ ಆಗಬೇಕು. ಸಾಣಾಪುರ ಕೆರೆಯ ಸುತ್ತ ದೊಡ್ಡ ಹೋಟೆಲು, ರೆಸಾರ್ಟುಗಳು ಬರಬೇಕು. ಆಗ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ, ಗುಳೆ ನಿಲ್ಲುತ್ತದೆ, ಬಡತನ ತಾನಾಗಿಯೇ ಹೋಗುತ್ತದೆ. ನಿಮ್ಮ ಪತ್ರಿಕೆ ಮಾತ್ರ ಪ್ರತಿ ಯೋಜನೆಗೂ ಕೊಕ್ಕೆ ಹಾಕುತ್ತದೆ. ಬಡವರು ಬಡವರಾಗಿಯೇ ಇರಲಿ ಅಂತ ನಿಮ್ಮ ಆಸೆಯೇ?"

ಗುರುಗಳೇ, ಪತ್ರ ಓದಿ ಖುಷಿಯಾಯಿತು. ನಮ್ಮ ಭಾಗದ ಬಗ್ಗೆ ಇಷ್ಟು ಕಾಳಜಿಯಿಂದ, ಇಷ್ಟು ಸಿಟ್ಟಿನಿಂದ ಬರೆಯುವವರು ಕಡಿಮೆ. ನೀವು ಹೇಳಿದ್ದರಲ್ಲಿ ಸರಿಯಾದದ್ದೂ ಇದೆ. 575 ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಕಷ್ಟ. ಶೌಚಾಲಯ, ಕುಡಿಯುವ ನೀರು, ನೆರಳು, ಆಂಬ್ಯುಲೆನ್ಸ್ ಇದ್ಯಾವುದೂ ಪುಕ್ಕಟೆ ಆಗುವುದಿಲ್ಲ, ಸರ್ಕಾರ ದುಡ್ಡು ಹಾಕಲೇಬೇಕು. 2022ರ ಬಜೆಟ್‌ನಲ್ಲಿ ಅಂಜನಾದ್ರಿಗೆ 100 ಕೋಟಿ ಘೋಷಿಸಿದಾಗ ನಾವೂ ಸ್ವಾಗತ ಮಾಡಿದ್ದೆವು.

ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ರೋಪ್‌ವೇ ಇದೆ, ಹೋಟೆಲು ಇದೆ, ಪಾರ್ಕಿಂಗ್ ಇದೆ. ಆನೆಗೊಂದಿಯ ಜನ ಇಲ್ಲ. ಹರಿಗೋಲು ಹಾಕುವವನಿಲ್ಲ, ಬಾಳೆ ಬೆಳೆಯುವವನಿಲ್ಲ, ಬೆಟ್ಟದ ಬುಡದಲ್ಲಿ ಮಿರ್ಚಿ ಕರಿಯುವ ಹೆಣ್ಣುಮಗಳಿಲ್ಲ. ಬಡತನ ಹೋಗುತ್ತದೆ ಅಂದಿರಿ. ಯಾರ ಬಡತನ ಅಂತ ಹೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಬೆಟ್ಟದ ಬುಡದಲ್ಲಿ ಅಂಥ ಒಬ್ಬ ಅಕ್ಕನ ಬಂಡಿಯ ಹತ್ತಿರ ತುಂಬಾ ಹೊತ್ತು ಕೂತಿದ್ದೆ. ಶನಿವಾರ, ಕಾಲಿಡಲು ಜಾಗವಿಲ್ಲದಷ್ಟು ಜನ. "ವ್ಯಾಪಾರ ಜೋರಲ್ವಾ?" ಅಂದೆ. "ಮಂದಿಗೇನ್ ಕಮ್ಮಿ ಇಲ್ರೀ ಯಣ್ಣಾ. ಬಸ್ಸಿನ್ಯಾಗ ಬರ್ತಾರ, ಗುಡ್ಡ ಹತ್ತತಾರ, ಕಟ್ಕೊಂಡ್ ಬಂದಿದ್ದ ಬುತ್ತಿ ಉಣ್ತಾರ, ಹೋಗ್ತಾರ" ಅಂದಳು. ಕಡ್ಲಿ ಹಿಟ್ಟು, ಎಣ್ಣೆ ಗಂಗಾವತಿಯ ಅಂಗಡಿಯಿಂದ ಉದ್ರಿ. ಗ್ಯಾಸ್ ಸಿಲಿಂಡರ್ ಇನ್ನೊಬ್ಬರದು, ಅದಕ್ಕೆ ಬಾಡಿಗೆ. ಯಾರಾದರೂ ದೊಡ್ಡವರು ದರ್ಶನಕ್ಕೆ ಬಂದರೆ ಬೆಳಗ್ಗೆಯೇ ಬಂಡಿ ಎತ್ತು ಅನ್ನುತ್ತಾರೆ, ಹಿಟ್ಟು ಕಲಸಿಟ್ಟಿದ್ದರೆ ಹಾಳು. "ಸರ್ಕಾರದೋರು ಕೇಳಿದ್ರ ಏನ್ ಕೇಳ್ತೀಯವ್ವ?" ಅಂದೆ. ಆಕೆ ಯೋಚನೆ ಮಾಡಲೇ ಇಲ್ಲ. "ನಂಬರ್ ಹಾಕಿದ್ದ ಒಂದು ಜಾಗ. ಮ್ಯಾಲೆ ತಗಡು. ಬಾಜೂಕ ಒಂದು ನಳ. ಸಾಕ್ರೀ." ನೂರು ಕೋಟಿಯಲ್ಲಿ ಇದಕ್ಕೆ ಎಷ್ಟು ಬೇಕು, ಲೆಕ್ಕದ ಮಾಸ್ತರು ನೀವು, ನೀವೇ ಹೇಳಿ.

ಪ್ರವಾಸೋದ್ಯಮದ ಯೋಜನೆ ಶುರುವಾಗಬೇಕಾದ್ದು ಇಲ್ಲಿಂದ ಎಂಬುದು ನನ್ನ ಗಟ್ಟಿ ನಂಬಿಕೆ. ಎಷ್ಟು ಜನ ಬಂದರು ಅಂತ ಎಣಿಸುವುದು ಸುಲಭ. ಬಂದವರು ಬಿಚ್ಚಿದ ನೂರು ರೂಪಾಯಿಯಲ್ಲಿ ಊರಿನ ಬಡವರ ಕೈಗೆ ಎಷ್ಟು ಬಂತು ಅಂತ ಎಣಿಸುವುದೇ ನಿಜವಾದ ಕೆಲಸ. ಬಸ್ಸು ಬುಕ್ ಮಾಡಿದ್ದು ಬೆಂಗಳೂರಿನಲ್ಲಿ, ರೂಮು ಬುಕ್ ಮಾಡಿದ್ದು ಮೊಬೈಲಿನಲ್ಲಿ, ಹೋಟೆಲಿನ ಮಾಲೀಕ ಹೈದರಾಬಾದಿನವನು, ಅಡಿಗೆಯವರು ಇನ್ನೆಲ್ಲಿಂದಲೋ ಬಂದವರು ಅಂತಾದರೆ ಆನೆಗೊಂದಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮತ್ತು ಧೂಳು.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಲಾವೋಸ್ ದೇಶದಲ್ಲಿ ಲುವಾಂಗ್ ಪ್ರಬಾಂಗ್ ಅಂತ ಒಂದು ಊರಿದೆ. ನಮ್ಮ ಹಂಪಿಯ ಹಾಗೆ ಅದೂ ವಿಶ್ವ ಪರಂಪರೆ ಪಟ್ಟಿಯಲ್ಲಿದೆ, ಅದೂ ನದಿ ದಂಡೆಯ ಊರು. 2006ರ ಸುಮಾರಿಗೆ ಅಲ್ಲಿ ನಡೆದ ಅಧ್ಯಯನದಲ್ಲಿ, ಪ್ರವಾಸಿಗರ ಖರ್ಚಿನಲ್ಲಿ ಕಾಲು ಭಾಗಕ್ಕಿಂತ ತುಸು ಜಾಸ್ತಿ ಬಡವರಿಗೆ ತಲುಪುತ್ತಿದೆ ಅಂತ ಗೊತ್ತಾಯಿತು. ಅದರಲ್ಲಿ ದೊಡ್ಡ ಪಾಲು ಬಂದದ್ದು ಊಟದಿಂದ ಮತ್ತು ಕೈಕಸುಬಿನಿಂದ. ಕಾಯಿಪಲ್ಲೆ, ಅಕ್ಕಿ, ಮೀನು ಮಾರಿದವರಿಗೆ, ಬಟ್ಟೆ ನೇಯ್ದವರಿಗೆ ಸಿಕ್ಕಿದ್ದರ ಮುಂದೆ ಹೋಟೆಲಿನ ಸಂಬಳ ಚಿಕ್ಕದು. ಭತ್ತದ ಕಣಜ ಅನ್ನಿಸಿಕೊಂಡ ಗಂಗಾವತಿಯವರು ನೀವು. ಸಾಣಾಪುರದ ಯಾವುದಾದರೂ ರೆಸಾರ್ಟಿಗೆ ಹೋಗಿ, ಅಕ್ಕಿ ಯಾರಿಂದ ತರಿಸುತ್ತೀರಿ, ಬದನೆಕಾಯಿ ಯಾರ ಹೊಲದ್ದು ಅಂತ ಕೇಳಿ ನೋಡಿ. ಅದೇ ಊರಿನ ರೈತನ ಹೆಸರು ಹೇಳಿದರೆ ನಾನು ಆ ರೆಸಾರ್ಟಿನ ಪರ ಇದೇ ಪುಟದಲ್ಲಿ ಬರೆಯುತ್ತೇನೆ.

ಇದು ನಮ್ಮ ಪಕ್ಕದ ರಾಜ್ಯದಲ್ಲೇ ಆಗಿದೆ. ಕೇರಳದ ಕುಮರಕೊಂನಲ್ಲಿ 2008ರ ಹೊತ್ತಿಗೆ ಸ್ಥಳೀಯರಿಗೆ ಪ್ರವಾಸೋದ್ಯಮದ ಮೇಲೆ ಬೇಸರ ಬಂದುಹೋಗಿತ್ತು. ಪಂಚಾಯಿತಿ, ಹೋಟೆಲಿನವರು, ಕುಟುಂಬಶ್ರೀ ಮಹಿಳಾ ಗುಂಪುಗಳು ಒಟ್ಟಿಗೆ ಕೂತರು. ತರಕಾರಿ ಬೆಳೆಯುವುದು ಹೆಂಗಸರು, ಕೊಳ್ಳುವುದು ಹೋಟೆಲು. ಬೆಲೆಗೊಂದು ಸಮಿತಿ, ಗುಣಮಟ್ಟಕ್ಕೊಂದು ಸಮಿತಿ. ಮೊದಮೊದಲು ಹೋಟೆಲಿಗೆ ಬೇಕಾದಷ್ಟು ಮಾಲು ಸಿಗದೆ ಪರದಾಟವೂ ಆಯಿತು. ಆದರೂ ಬಿಡಲಿಲ್ಲ. ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂತು. ಆಮೇಲೆ ಕೇರಳ ಸರ್ಕಾರ ಇದಕ್ಕೆಂದೇ 2017ರಲ್ಲಿ ಒಂದು ಮಿಷನ್ ಮಾಡಿತು. ನಮ್ಮಲ್ಲೂ ಊರೂರಿಗೆ ಸ್ತ್ರೀಶಕ್ತಿ ಸಂಘಗಳಿವೆ. ಅವರನ್ನು ಕರೆದು ಕೂರಿಸುವವರು ಬೇಕು.

ಆಫ್ರಿಕದ ಗ್ಯಾಂಬಿಯಾದ ಕಥೆ ನನಗೆ ಇನ್ನೂ ಇಷ್ಟ. ಅಲ್ಲಿನ ಕಡಲ ದಂಡೆಯಲ್ಲಿ ಹಣ್ಣು ಮಾರುವವರನ್ನು, ಜ್ಯೂಸ್ ಹಿಂಡಿ ಕೊಡುವವರನ್ನು ಹೋಟೆಲಿನವರು ಕಾಟ ಅಂತ ಓಡಿಸುತ್ತಿದ್ದರು. 2000ದ ನಂತರ ಅವರನ್ನೂ ಮಾತುಕತೆಗೆ ಕರೆದರು. ಅವರವರೇ ಸಂಘ ಕಟ್ಟಿಕೊಂಡರು, ನಿಯಮ ಮಾಡಿಕೊಂಡರು, ಬ್ಯಾಡ್ಜು ಹಾಕಿಕೊಂಡರು, ಅಂಗಡಿ ಚೊಕ್ಕ ಮಾಡಿಕೊಂಡರು. ಪ್ರವಾಸಿಗರಿಗೆ ಕಿರಿಕಿರಿ ತಪ್ಪಿತು, ಮಾರುವವರ ಆದಾಯ ಚೆನ್ನಾಗಿ ಏರಿತು. ನಮ್ಮ ಮಿರ್ಚಿ ಬಂಡಿಯ ಅಕ್ಕ ಕೇಳಿದ ನಂಬರ್ ಹಾಕಿದ ಜಾಗ ಇದೇ ತಾನೇ? ಗ್ಯಾಂಬಿಯಾ ಎಲ್ಲಿದೆ ಅಂತ ಆಕೆಗೆ ಗೊತ್ತಿಲ್ಲದಿರಬಹುದು, ಪರಿಹಾರ ಗೊತ್ತಿದೆ.

ಅಷ್ಟು ದೂರ ಯಾಕೆ, ಆನೆಗೊಂದಿಯಲ್ಲೇ ನೋಡಿ. 1997ರಿಂದ ಅಲ್ಲಿ ಕಿಷ್ಕಿಂಧ ಟ್ರಸ್ಟ್ ಕೆಲಸ ಮಾಡುತ್ತಿದೆ. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆ ದಿಂಡಿನಿಂದ ನಾರು ತೆಗೆದು, ಊರಿನ ಹೆಣ್ಣುಮಕ್ಕಳು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಒಣಗಿದ ಪಟ್ಟೆಯನ್ನು ಸೀಳಿ, ತೊಡೆಯ ಮೇಲೆ ಹೊಸೆದು ಹುರಿ ಮಾಡುವ ಅವರ ಕೈಯ ವೇಗ ನೋಡಬೇಕು. ಹೊಲದ ಕೂಲಿ ಇಲ್ಲದ ದಿನವೂ ಮನೆಯ ಜಗಲಿ ಮೇಲೆ ಕೂತು ದುಡಿಯಬಹುದು. ಇದಕ್ಕೆ ಯಾವ ಬೆಟ್ಟವನ್ನೂ ಕೊರೆಯಬೇಕಾಗಿಲ್ಲ.

ಹರಿಗೋಲು ಇನ್ನೊಂದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪೇಸ್, ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ಚರ್ಮ ಹೊದೆಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ. ಐನೂರು ವರ್ಷದ ಕಸುಬು. ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ ಅಷ್ಟೇ. ಲೈಫ್ ಜಾಕೆಟ್ ಕೊಡಿ, ವಿಮೆ ಮಾಡಿಸಿ, ಹೊಳೆ ತುಂಬಿದಾಗ ನಿಲ್ಲಿಸಿ. ಆದರೆ ಹರಿಗೋಲಿನ ಹಕ್ಕು ಹೊರಗಿನ ಗುತ್ತಿಗೆದಾರನಿಗೆ ಹೋಗಬಾರದು. ಆ ಮನೆತನಗಳ ಸಹಕಾರ ಸಂಘದ ಕೈಯಲ್ಲೇ ಇರಬೇಕು.

ಇಟಗಿಗೆ ಹೋಗಿದ್ದೀರಾ? 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಹೊಗಳಿದೆ. ದೂರದೂರದಿಂದ ಬಂದವರು ಕಂಬಗಳ ನುಣುಪು ಸವರಿ, ಫೋಟೊ ತೆಗೆದು, ಗಾಡಿ ಹತ್ತುತ್ತಾರೆ. ಊರಿಗೆ ನೂರು ರೂಪಾಯಿಯೂ ಬಿಡದೆ ಹೋಗುವವರೇ ಜಾಸ್ತಿ. ಅವರು ಜಿಪುಣರಲ್ಲ. ಒಂದು ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿಯ ಊಟ ಇಂಥ ಮನೆಯಲ್ಲಿ ಸಿಗುತ್ತದೆ ಅನ್ನುವ ಬೋರ್ಡು ಇದ್ದರೆ ಕೂತು ಉಣ್ಣುತ್ತಾರೆ. ಕಿನ್ನಾಳದ ಚಿತ್ರಗಾರರದೂ ಇದೇ ಪಾಡು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿ ಮೆತ್ತಿ, ಬಣ್ಣ ಹಚ್ಚಿ ಗೊಂಬೆ ಮಾಡುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಆ ಗೊಂಬೆಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಅಂಜನಾದ್ರಿಗೆ ಬಂದವರು ಮನೆಗೆ ಒಯ್ಯುವ ಹನುಮಂತ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ಕಿನದು. ಕಿನ್ನಾಳದ ಹನುಮಂತ ಅಲ್ಲಿ ಯಾಕಿಲ್ಲ, ಗುರುಗಳೇ? ಇದಕ್ಕಿಂತ ಸುಲಭದ ಯೋಜನೆ ಯಾವುದಿದೆ?

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಏನು ಮಾಡಬಲ್ಲರು ಅಂತ 2023ರ ಜುಲೈನಲ್ಲಿ ಲೋಕವೇ ನೋಡಿತು. ಹಂಪಿಯ ಜಿ-20 ಸಭೆಯಲ್ಲಿ ಅವರ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹೆಮ್ಮೆಯಿಂದ ನಾವೂ ಮುಖಪುಟದಲ್ಲಿ ಹಾಕಿದೆವು. ಅತಿಥಿಗಳು ಬಂದಾಗ ಕಾಣುವ ಈ ಕೈಗಳು ಯೋಜನೆ ಬರೆಯುವಾಗ ಯಾಕೆ ಕಾಣುವುದಿಲ್ಲ ಎಂಬುದೇ ನನ್ನ ನೋವು.

ಇಲ್ಲಿಗೆ ಹಳೆಯ ಗಾಯವೊಂದನ್ನು ಮುಟ್ಟಲೇಬೇಕು. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಹಂಪಿಯ ಎದುರು ಹೊಳೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡಿಯ ರೆಸಾರ್ಟುಗಳು ನೆಲಸಮವಾದವು. ಸ್ಮಾರಕ ಉಳಿಯಬೇಕು, ಕಾನೂನು ನಡೆಯಬೇಕು, ಒಪ್ಪುತ್ತೇನೆ. ಆದರೆ ಗಡ್ಡಿಯಲ್ಲಿ ಬೆಡ್‌ಶೀಟ್ ಒಗೆಯುತ್ತಿದ್ದವಳು, ಪಾತ್ರೆ ತೊಳೆಯುತ್ತಿದ್ದ ಹುಡುಗ, ಆಟೊ ಓಡಿಸುತ್ತಿದ್ದವನು ಯಾವ ಕಾನೂನು ಮುರಿದಿದ್ದರು? ಮಾಲೀಕರು ಬೇರೆ ಕಡೆ ಬಂಡವಾಳ ಹಾಕಿದರು. ಇವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ನಾಳೆ ಸಾಣಾಪುರದಲ್ಲೂ ನಿಯಮ ನೋಡದೆ ಕಟ್ಟಲು ಬಿಟ್ಟು, ಆಮೇಲೆ ಒಡೆಯುವುದಾದರೆ ಏಟು ತಿನ್ನುವವರು ಮತ್ತೆ ಇವರೇ. ಅದಕ್ಕೇ ನಾನು ಮೊದಲೇ ಕೊಕ್ಕೆ ಹಾಕುವುದು.

ಇದು ಬರೀ ಪ್ರವಾಸೋದ್ಯಮದ ಮಾತಲ್ಲ. ನಮ್ಮ ಭಾಗದ ಹಣೆಬರಹವನ್ನು ಯಾವಾಗಲೂ ಬೇರೆಯವರೇ ಬರೆದಿದ್ದಾರೆ. ಬಳ್ಳಾರಿಯ ಅದಿರು ಹಡಗು ಹತ್ತಿ ಹೋಯಿತು. ಗಣಿ ಜೋರಿದ್ದ ಕಾಲದಲ್ಲಿ ಸಂಡೂರಿನ ರಸ್ತೆಯಲ್ಲಿ ಲಾರಿಗಳ ಕೆಂಧೂಳು ಕುಡಿದವರು ಹೊಲದವರು, ಹೆಲಿಕಾಪ್ಟರ್ ಹತ್ತಿದವರು ಇನ್ಯಾರೋ. ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ಬಂದ ಮೇಲಷ್ಟೇ ನಾಡಿಗೆ ಕಣ್ಣು ತೆರೆಯಿತು. ರಾಯಚೂರಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತೇವೆ, ಅದೇ ಜಿಲ್ಲೆಯ ದೇವದುರ್ಗದಿಂದ ಮಕ್ಕಳುಮರಿ ಕಟ್ಟಿಕೊಂಡು ಜನ ಗುಳೆ ಹೋಗುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. ಆದರೆ ಯೋಜನಾ ವರದಿ ಇನ್ನೂ ದೂರದ ಊರಿನ ಸಲಹೆಗಾರರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಂಥದ್ದೊಂದು ವರದಿಯ ಪ್ರತಿ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು, ಅದರಲ್ಲಿ ತಮ್ಮ ಊರಿನ ಬಗ್ಗೆ ಏನಿದೆ ಅಂತ ಓದಿ ಹೇಳಿ ಅಂತ. ಊರಿನ ಹೊಲದ ಮೇಲೆ ಗೆರೆ ಎಳೆದಿದ್ದಾರೆ, ಊರಿನ ಚುನಾಯಿತ ಸದಸ್ಯೆಗೆ ಗೊತ್ತಿಲ್ಲ. ನಿಮಗೆ ಸಿಟ್ಟು ಬರುವುದಿಲ್ವಾ?

ಹಾಗಾದರೆ ರೋಪ್‌ವೇ ಬೇಡವೇ ಅಂತ ನೀವು ಕೇಳುತ್ತೀರಿ. ಬರಲಿ. ಆದರೆ ಕಲ್ಲು ಒಡೆಯುವ ಮೊದಲು ಆನೆಗೊಂದಿ, ಚಿಕ್ಕರಾಂಪುರ, ಸಾಣಾಪುರದಲ್ಲಿ ಗ್ರಾಮಸಭೆ ನಡೆಯಲಿ, ವರದಿ ಕನ್ನಡದಲ್ಲಿ ಓದಲಿ. ಟಿಕೆಟ್ಟಿನ ಒಂದು ಪಾಲು ನೇರವಾಗಿ ಪಂಚಾಯಿತಿಗೆ ಬರಲಿ. ಕೆಳಗಿನ ಮಳಿಗೆಗಳು ಹರಾಜಿಗೆ ಹೋಗದೆ ಈಗ ಬಂಡಿ ಇಟ್ಟವರಿಗೇ ಸಿಗಲಿ. ಮೇಲೆ ಹತ್ತಿಸುವ ಮುಂಚೆ ಕೆಳಗೆ ಒಂದು ತಾಸು ಕೂರುವಂತೆ, ಉಣ್ಣುವಂತೆ, ಕೊಳ್ಳುವಂತೆ ಜಾಗ ಮಾಡಲಿ. ಹತ್ತು ನಿಮಿಷದಲ್ಲಿ ಹತ್ತಿ, ಹತ್ತು ನಿಮಿಷದಲ್ಲಿ ಇಳಿದು ಹೊರಟುಹೋದರೆ ಮಿರ್ಚಿ ಯಾರು ತಿನ್ನುತ್ತಾರೆ? ಇಷ್ಟನ್ನೂ ಟೆಂಡರಿನ ಕಾಗದದಲ್ಲೇ ಬರೆದರೆ, ನಾನು ನಿಮ್ಮ ಜೊತೆ ಬಂದು ಅರ್ಜಿಗೆ ಸಹಿ ಹಾಕುತ್ತೇನೆ.

ಪತ್ರದ ಕೊನೆಗೆ, ಮೊಮ್ಮಕ್ಕಳನ್ನು ಹಿರೇಬೆಣಕಲ್ ಗುಡ್ಡಕ್ಕೆ ಕರೆದೊಯ್ಯಬಹುದೇ ಅಂತ ಕೇಳಿದ್ದೀರಿ. ಖಂಡಿತ. ನಿಮ್ಮ ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸು. ಎರಡು ಸಾವಿರ ವರ್ಷಕ್ಕೂ ಹಳೆಯ, ಕಲ್ಲುಮನೆಯಂಥ ಸಮಾಧಿಗಳು ನೂರಾರು ಇವೆ, ಬಡಿದರೆ ದನಿ ಕೊಡುವ ಕಲ್ಲಿನ ನಗಾರಿಯೂ ಇದೆ. 2021ರಲ್ಲಿ ಅದು ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿದೆ. ಬಿಸಿಲು ಏರುವ ಮೊದಲೇ ಹತ್ತಿ, ನೀರು ಜಾಸ್ತಿ ಇಟ್ಟುಕೊಳ್ಳಿ. ದಾರಿ ತಪ್ಪುವ ಜಾಗ ಅದು, ಊರಿನಲ್ಲಿ ಕುರಿ ಕಾಯುವ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ, ದಿನದ ಕೂಲಿ ಮೊದಲೇ ಮಾತಾಡಿ ಕೊಡಿ. ಬುತ್ತಿ ಕಟ್ಟಿಕೊಂಡು ಹೋಗಬೇಡಿ. ಹಿಂದಿನ ದಿನವೇ ಊರಿನ ಯಾವುದಾದರೂ ಮನೆಗೆ ಹೇಳಿಟ್ಟರೆ ಬಿಸಿ ರೊಟ್ಟಿ ಮಾಡಿಕೊಡುತ್ತಾರೆ.