ಓದುಗರ ಪ್ರಶ್ನೆ: ಕ್ಷಮೆ ಸಿಕ್ಕಿದ್ರೂ ನೆಮ್ಮದಿ ಯಾಕಿಲ್ಲ?

ಪ್ರಶ್ನೆ: ಫಾದರ್, ನಾನು ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು ಆಗಿದ್ದವನು, ಈಗ ರಿಟೈರ್ಡ್. ಕೊಯ್ಲಿನ ಟೈಮಲ್ಲಿ ಸಾಯಂಕಾಲ ಕೆಲಸದವರು ಕೊಯ್ದ ಹಣ್ಣು ತೂಕ ಹಾಕುವಾಗ ಚೀಲದ ತೂಕ ಅಂತ ಹೇಳಿ ಒಂದು ಕೆಜಿ ಜಾಸ್ತಿನೇ ಕಳೀತಿದ್ದೆ, ಹಂಗೆ ಉಳಿದ ಕೆಜಿನೆಲ್ಲ ಬೇರೆ ಹೆಸರಲ್ಲಿ ಬರ್ಕೊಂಡು ದುಡ್ಡು ತಗೋತಿದ್ದೆ. ಗುರುಗಳ ಹತ್ರ ಪಾಪ ಒಪ್ಕೊಂಡು ಪಾಪನಿವೇದನೆ ಮಾಡಿದೀನಿ, ಶುಕ್ರವಾರ ಉಪವಾಸ ಇರ್ತೀನಿ, ವಿರಾಜಪೇಟೆ ಸಂತ ಅನ್ನಮ್ಮನ ಚರ್ಚಿಗೆ ಹರಕೆ ಹೊತ್ತು ನಡ್ಕೊಂಡು ಹೋಗ್ತೀನಿ. ಆದ್ರೂ ರಾತ್ರಿ ನಿದ್ದೆ ಇಲ್ಲ. ಯೇಸು ನಮ್ಮ ಪಾಪದ ಬೆಲೆ ಕಟ್ಟಿದಾನೆ ಅಂದ್ಮೇಲೆ ನನಗೆ ಇನ್ನೇನು ಬಾಕಿ?
– ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು, ದೇವರ ಹತ್ರ ನಿಮ್ಮ ಬಾಕಿ ಏನೂ ಇಲ್ಲ. ಮನುಷ್ಯಕುಮಾರ, ಅಂದ್ರೆ ಯೇಸು, ಬಂದಿದ್ದೇ ಅನೇಕರ ಬಿಡುಗಡೆಗೆ ತನ್ನ ಪ್ರಾಣಾನೇ ಈಡು ಕೊಡೋಕೆ ಅಂತ ಮಾರ್ಕ 10:45ರಲ್ಲಿದೆ, ಬೆಳ್ಳಿ ಬಂಗಾರದಿಂದ ಆದ ಬಿಡುಗಡೆ ಅಲ್ಲ ಇದು ಅಂತ ಪೇತ್ರ ತನ್ನ ಮೊದಲ ಪತ್ರದಲ್ಲಿ ಬರೀತಾನೆ. ನೀವು ಉಪವಾಸ, ಹರಕೆ ಎಲ್ಲಾನೂ ಕಂತು ಕಟ್ಟೋ ತರ ಮಾಡ್ತಿದೀರಿ ಅನ್ಸುತ್ತೆ. ನಮ್ಮ ಕಡೆ ಹಿರಿಯರಿಗೆ ಜೀತ ಅಂದ್ರೇನು ಅಂತ ಹೇಳ್ಕೊಡಬೇಕಾಗಿಲ್ಲ, 1976ರ ಕಾನೂನು ಜೀತಾನ ನಿಷೇಧ ಮಾಡಿದ್ದಷ್ಟೇ ಅಲ್ಲ ಅದರ ಸಾಲಾನೂ ವಜಾ ಮಾಡ್ತು. ಆಮೇಲೂ ಒಬ್ಬ ಹಳೇ ಧಣಿ ಬಾಗಿಲಿಗೆ ಹೋಗಿ ಸಾಲ ತೀರಿಸ್ತೀನಿ ಕೆಲಸ ಕೊಡಿ ಅಂತ ನಿಂತ್ರೆ ಹೆಂಗಿರುತ್ತೋ ನೀವು ಈಗ ಹಂಗಿದೀರಿ.

ಆದ್ರೆ ಆ ಕೆಲಸದವರ ಬಾಕಿ ಇದೆಯಲ್ಲ, ಅದು ಹಂಗೇ ಇದೆ. ಅದನ್ನ ಉಪವಾಸದಿಂದ ತೀರ್ಸೋಕಾಗಲ್ಲ. ಪಾಪನಿವೇದನೆ ಪಾಪ ಕಳಿಯುತ್ತೆ, ಆದ್ರೆ ಕದ್ದಿದ್ದನ್ನ ವಾಪಸ್ ಕೊಡಬೇಕು ಅಂತ ಕಥೋಲಿಕ ಧರ್ಮಸಭೆ ಸ್ಪಷ್ಟವಾಗೇ ಹೇಳುತ್ತೆ, ನಿಮಗೆ ಇದನ್ನ ಯಾರೂ ಹೇಳಿಲ್ಲ ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಲೂಕ 19 ತೆಗೆದು ಓದಿ. ಜೆರಿಕೋ ಊರಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ಜನರಿಂದ ಕಿತ್ಕೊಂಡೇ ಸಾಹುಕಾರ ಆದವನು. ಯೇಸು ಅವನು ಹತ್ತಿ ಕೂತಿದ್ದ ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೇಲೇ ಇಳ್ಕೋಬೇಕು ಅಂದಾಗ ಅವನು ಇನ್ನೂ ಒಂದು ಕಾಸೂ ವಾಪಸ್ ಕೊಟ್ಟಿರಲಿಲ್ಲ. ಅದನ್ನ ಗಮನಿಸಿ. ಯೇಸು ಮನೆಗೆ ಬಂದದ್ದು ಮೊದಲು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕು ಪಟ್ಟು ಅಂತ ಅವನು ಎದ್ದು ನಿಂತು ಹೇಳಿದ್ದು ಆಮೇಲೆ. ಕ್ಷಮೆ ಕೊಂಡ್ಕೊಳ್ಳೋಕೆ ಕೊಟ್ಟಿದ್ದಲ್ಲ ಅದು, ದುಡ್ಡಿನ ಹಿಡಿತ ಬಿಟ್ಟೋಗಿದ್ದಕ್ಕೆ ಕೈ ತಾನಾಗೇ ಬಿಚ್ಚಿದ್ದು.

ನಿಮ್ಮ ವಿಷಯಕ್ಕೆ ಬರೋಣ. ತೋಟದ ಕೆಲಸದವರ ಲೈನ್ ಮನೇಲಿ, ಆದಿವಾಸಿಗಳ ಹಾಡಿಲಿ ಈಗ್ಲೂ ಇರೋರು ಯಾರ್ಯಾರು ಅಂತ ನೆನಪು ಮಾಡ್ಕೊಂಡು ಒಂದು ಹಾಳೇಲಿ ಬರೀರಿ. ಬದುಕಿದ್ರೆ ನೀವೇ ಹೋಗಿ, ತೂಕದಲ್ಲಿ ಮೋಸ ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ ದುಡ್ಡು ಕೈಗೆ ಕೊಡಿ, ಒಂದು ಐದನೇ ಭಾಗ ಸೇರಿಸಿ ಕೊಡಬೇಕು ಅಂತ ಯಾಜಕಕಾಂಡ 6ರಲ್ಲೇ ಇದೆ. ತೀರ್ಕೊಂಡಿದ್ರೆ ಮಕ್ಕಳಿಗೆ. ಎಲ್ಲಿಗೋ ಹೋಗ್ಬಿಟ್ಟಿದಾರೆ, ಪತ್ತೇನೇ ಇಲ್ಲ ಅಂದ್ರೆ ಅಷ್ಟು ಮೊತ್ತ ಬಡವರಿಗೆ ಹೋಗ್ಲಿ. ಎದುರಿಗೆ ಹೇಳೋಕೆ ಧೈರ್ಯ ಸಾಲದಿದ್ರೆ ನಿಮ್ಮ ಗುರುಗಳ ಕೈಲಿ ಹೆಸರು ಹೇಳದೆ ಕೊಡಿಸಬಹುದು, ಧರ್ಮಸಭೆ ಅದಕ್ಕೆ ಅಡ್ಡಿ ಮಾಡಲ್ಲ, ಆದ್ರೆ ನನ್ನ ಕೇಳಿದ್ರೆ ನೀವೇ ಹೋಗೋದು ಒಳ್ಳೇದು. ಅವರು ಬೈದ್ರೆ ಬೈಸ್ಕೊಳ್ಳಿ, ಕ್ಷಮಿಸ್ಲೇಬೇಕು ಅಂತ ಕೇಳಬೇಡಿ.

ಪ್ರಶ್ನೆ: ಕ್ರಿಸ್ತ ನಮ್ಮನ್ನ ಸ್ವತಂತ್ರ ಮಾಡಿದಾನೆ ಅಂದ್ಮೇಲೆ ದಶಾಜ್ಞೆ ಯಾಕೆ ಬೇಕು?
– ಪಿಯು ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಒಳ್ಳೇ ಪ್ರಶ್ನೆ ಮಗಳೇ. ಆಜ್ಞೆಗಳು ಶುರುವಾಗೋದೇ ಈಜಿಪ್ಟಿನ ದಾಸತ್ವದಿಂದ ನಿಮ್ಮನ್ನ ಬಿಡಿಸಿ ತಂದವನು ನಾನು ಅನ್ನೋ ಮಾತಿಂದ, ಅಂದ್ರೆ ಬಿಡುಗಡೆ ಆದವರಿಗೇ ಕೊಟ್ಟಿದ್ದು. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನದ ಆಜ್ಞೆ ನೋಡು, ನಿನ್ನ ಆಳಿಗೂ ನಿನ್ನಂಗೇ ರೆಸ್ಟ್ ಸಿಗಬೇಕು, ನೀನೂ ದಾಸನಾಗಿದ್ದೆ ಅನ್ನೋದು ನೆನಪಿರ್ಲಿ ಅಂತ ಹೇಳುತ್ತೆ. ಪೌಲನೂ ಗಲಾತ್ಯ 5:13ರಲ್ಲಿ ಅದನ್ನೇ ಹೇಳೋದು, ಸಿಕ್ಕಿದ ಸ್ವಾತಂತ್ರ್ಯಾನ ಸ್ವಾರ್ಥಕ್ಕೆ ಬಳಸದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತ.