ಹಂಪ್ ಜಗಳ ಇರಲಿ, ರಸ್ತೆಯ ಅಂಚು ಎಲ್ಲಿ?

ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ನಿವೃತ್ತ ಲೋಕೋಪಯೋಗಿ ಎಂಜಿನಿಯರ್ ಒಬ್ಬರ ಉತ್ತರ

ಮಳೆ ಹಿಡಿದುಕೊಂಡ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಶಾಲೆ ಮುಂದಿನ ರಸ್ತೆಯ ತಕರಾರು. ಚರಂಡಿ, ಖಾತೆ, ಪೋಡಿ ವಿಷಯ ಬರೆದವರು ಮುಂದಿನ ಸಂಚಿಕೆಗೆ ಕಾಯಬೇಕು.

ನಮ್ಮೂರ ಶಾಲೆ ಇಳಿಜಾರಿನ ತಿರುವಿನ ಕೆಳಗೇ ಇದೆ. ಹೋದ ತಿಂಗಳು ಬೈಕ್ ತಾಗಿ ಒಬ್ಬ ಹುಡುಗನ ಕಾಲು ಮುರಿಯಿತು. ಪೋಷಕರು ಹಂಪ್ ಬೇಕು ಎನ್ನುತ್ತಾರೆ, ಅಂಗಡಿಯವರು ಮತ್ತು ಜೀಪಿನವರು ಬೇಡ ಎನ್ನುತ್ತಾರೆ. ಗ್ರಾಮಸಭೆಯಲ್ಲಿ ಕೈಕೈ ಮಿಲಾಯಿಸುವುದೊಂದು ಬಾಕಿ. ಯಾರ ಮಾತು ಸರಿ, ಸಾರ್?
– ಒಬ್ಬ ತಾಯಿ, ವಿರಾಜಪೇಟೆ ತಾಲ್ಲೂಕು

ಜಗಳ ನಿಲ್ಲಿಸಿ ಮೊದಲು ಒಂದು ಅಳತೆ ಮಾಡಿ, ತಾಯಿ. ಮಳೆ ಹೊಳವಾದ ಹೊತ್ತಿನಲ್ಲಿ ಒಬ್ಬರು ಶಾಲೆ ಗೇಟಿನೆದುರು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಲಿ. ಒಂದನೇ ಕ್ಲಾಸಿನ ಮಗುವಿನ ಎತ್ತರ ಅಷ್ಟೇ ತಾನೆ. ಇನ್ನೊಬ್ಬರು ತಿರುವಿನ ಮೇಲಿನಿಂದ ಇಳಿದು ಬರಲಿ. ಕೂತವರ ತಲೆ ಕಂಡ ಜಾಗದಲ್ಲಿ ನಿಂತು, ಅಲ್ಲಿಂದ ಗೇಟಿನವರೆಗೆ ಟೇಪು ಹಿಡಿಯಿರಿ. ಹಂಪ್ ಬೇಕು ಎನ್ನುವವರ ಕೈಗೆ ಟೇಪಿನ ಒಂದು ತುದಿ, ಬೇಡ ಎನ್ನುವವರ ಕೈಗೆ ಇನ್ನೊಂದು ತುದಿ ಕೊಡಿ.

ಈಗ ಲೆಕ್ಕ. ಒದ್ದೆ ಟಾರಿನ ಮೇಲೆ 50 ಕಿ.ಮೀ. ವೇಗದಲ್ಲಿ ಬರುವ ಕಾರು, ಟಯರು ಚೆನ್ನಾಗಿದ್ದು ಚಾಲಕ ಒಂದೇ ಸೆಕೆಂಡಿನಲ್ಲಿ ಬ್ರೇಕ್ ತುಳಿದರೂ, ಪೂರ್ತಿ ನಿಲ್ಲಲು ಅಂದಾಜು 38 ಮೀಟರ್ ತಿನ್ನುತ್ತದೆ. ಅದೇ ಕಾರು 30ರಲ್ಲಿ ಬಂದರೆ 17 ಮೀಟರ್ ಸಾಕು. ಇದು ಸಪಾಟು ರಸ್ತೆಯ ಮಾತು. ಇಳಿಜಾರಿನಲ್ಲಿ ಇನ್ನಷ್ಟು ಬೇಕು. ನಿಮ್ಮ ಟೇಪು 25 ಮೀಟರ್ ತೋರಿಸಿತು ಅಂದುಕೊಳ್ಳಿ. ಆಗ 50ರಲ್ಲಿ ಇಳಿಯುವವನು ಎಷ್ಟೇ ಒಳ್ಳೆಯ ಚಾಲಕನಾಗಿದ್ದರೂ ಮಗು ಕಂಡ ಮೇಲೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅದಕ್ಕೇ ಗೇಟಿನೆದುರಿಗೇ ಹಂಪ್ ಹಾಕಿ ಎನ್ನುವ ಪೋಷಕರ ಬೇಡಿಕೆ ಅರ್ಧ ಮಾತ್ರ ಸರಿ. ಹಂಪೂ ಮಗುವೂ ಒಟ್ಟಿಗೇ ಕಾಣಿಸಿದರೆ ಬ್ರೇಕು ಯಾವುದಕ್ಕೆ ಹಾಕುವುದು? ವೇಗ ಇಳಿಯಬೇಕಾದದ್ದು ತಿರುವಿನ ಮೇಲುಗಡೆ. ಅಲ್ಲಿ ಶಾಲೆಯ ಬೋರ್ಡು, ಅದಾಗಿ 40 ಮೀಟರಿಗೆ ಹಂಪ್, ಆಮೇಲೆ ತಿರುವು, ಆಮೇಲೆ ಗೇಟು. ಈ ಕ್ರಮ ತಪ್ಪಿದರೆ ಖರ್ಚು ದಂಡ.

ಇಷ್ಟು ಹೇಳಿದ ಮೇಲೂ ನಾನಾಗಿದ್ದರೆ ಮೊದಲು ನೋಡುತ್ತಿದ್ದದ್ದು ಶಾಲೆಯ ಹಿಂಬದಿ. ನಮ್ಮ ಜಿಲ್ಲೆಯ ಹಳೆಯ ಶಾಲೆಗಳಲ್ಲಿ ಎಷ್ಟಕ್ಕೋ ಪಕ್ಕದಲ್ಲಿ ತೋಟದ ದಾರಿಯೋ ಪಂಚಾಯಿತಿ ರಸ್ತೆಯೋ ಇರುತ್ತದೆ. ಅಲ್ಲಿಗೆ ಒಂದು ಗೇಟು ಒಡೆದು ದೊಡ್ಡ ರಸ್ತೆಯ ಗೇಟನ್ನು ಬೆಳಗ್ಗೆ ಸಂಜೆ ಮುಚ್ಚಿದರೆ ಹಂಪಿನ ಜಗಳವೇ ಇರುವುದಿಲ್ಲ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಮತ್ತು ಪಂಚಾಯಿತಿ ಒಪ್ಪಿದರೆ ಆಗುವ ಕೆಲಸ, ಬೆಂಗಳೂರಿಗೆ ಕಡತ ಹೋಗಬೇಕಾಗಿಲ್ಲ.

ಅಪಘಾತವಾದ ರಾತ್ರಿಯೇ ನಮ್ಮೂರ ಹುಡುಗರು ಜಲ್ಲಿ, ಸಿಮೆಂಟ್ ಸುರಿದು ಹಂಪ್ ಕಟ್ಟಿಬಿಟ್ಟರು. ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ನಮಗೆ ಅದನ್ನು ದಾಟುವುದೇ ಹಿಂಸೆ. ಇದು ಸರಿಯಾ?
– ಜೀಪು ಚಾಲಕ, ಸೋಮವಾರಪೇಟೆ ತಾಲ್ಲೂಕು

ಸರಿಯಲ್ಲ. ಹುಡುಗರ ಸಿಟ್ಟು ಅರ್ಥವಾಗುತ್ತದೆ, ಆದರೆ ರಾತ್ರೋರಾತ್ರಿ ಎದ್ದ ಆ ದಿಣ್ಣೆಗೆ ಎರಡು ದಿನ ಬಿಟ್ಟು ಯಾರೋ ಸ್ಕೂಟರಿನವರು ಬಿದ್ದು ತಲೆ ಒಡೆದುಕೊಂಡರೆ ಪೊಲೀಸರು ಬರುವುದು ಅದೇ ಹುಡುಗರ ಮನೆಗೆ.

ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟಿರುವ ಅಳತೆ ಇದೆ: ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಹನ್ನೆರಡು ಅಡಿ ಉದ್ದಕ್ಕೆ ನಾಲ್ಕಿಂಚು ಏರಿ ಇಳಿಯುವ ಸವರು. ಅಂಥದ್ದನ್ನು 25 ಕಿ.ಮೀ. ವೇಗದಲ್ಲಿ ದಾಟಿದರೆ ಗರ್ಭಿಣಿಗೂ ತೊಂದರೆಯಿಲ್ಲ, ಬೆನ್ನು ನೋವಿನ ನನಗೂ ಇಲ್ಲ. ನೀವು ಹೇಳುವುದು ಎರಡಡಿ ಅಗಲಕ್ಕೆ ಮೊಣಕೈ ಎತ್ತರ ಎದ್ದಿರುವ ಸಿಮೆಂಟಿನ ಗೋಡೆ. ಅದನ್ನು ತೆಗೆಸಿ ಅನ್ನಬೇಡಿ, ಅಳತೆ ಪ್ರಕಾರ ಮಾಡಿಸಿ ಅನ್ನಿ. ಆಗ ಪೋಷಕರೂ ನಿಮ್ಮ ಜೊತೆ ಸಹಿ ಹಾಕುತ್ತಾರೆ. ಕಪ್ಪು ಬಿಳಿ ಪಟ್ಟಿ ಮತ್ತು ರಾತ್ರಿ ಹೊಳೆಯುವ ಗುಬಟು ಮರೆಯಬೇಡಿ. ಮಂಜು ಕವಿದಾಗ ಹಂಪ್ ಕಾಣುವುದಿಲ್ಲ, ಹತ್ತಿದ ಮೇಲೇ ಗೊತ್ತಾಗುವುದು.

ಶಾಲೆ ಇರುವುದು ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿನ ಕಡೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯ ಮೇಲಾದರೆ ಈ ಮಾತು ಬೇರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಬೇಡ ಎನ್ನುವುದು ಕೇಂದ್ರ ಸಚಿವಾಲಯದ ನಿಲುವು. ಅಲ್ಲಿ ಕೇಳಬೇಕಾದದ್ದು ಗಡಗಡ ಸದ್ದು ಮಾಡುವ ರಂಬಲ್ ಪಟ್ಟಿ, ಬೋರ್ಡು, ಜೀಬ್ರಾ ಮತ್ತು ಶಾಲೆಯ ಹೊತ್ತಿಗೆ ಒಬ್ಬ ಪೊಲೀಸ್.

ಶನಿವಾರ ನಮಗೆ ಬೆಳಗಿನ ತರಗತಿ. ಮಕ್ಕಳನ್ನು ಬಿಡುವ ಹೊತ್ತಿಗೇ ಪ್ರವಾಸಿಗರ ಗಾಡಿಗಳು ಸಾಲುಗಟ್ಟಿರುತ್ತವೆ. ವಾರದ ಕೊನೆಯಲ್ಲಿ ಹೊರಗಿನವರ ವಾಹನಗಳನ್ನು ಆ ರಸ್ತೆಗೆ ಬಿಡದಂತೆ ಮಾಡಲು ಆಗುವುದಿಲ್ಲವೆ?
– ಸರ್ಕಾರಿ ಶಾಲಾ ಶಿಕ್ಷಕಿ, ಮಡಿಕೇರಿ ತಾಲ್ಲೂಕು

ಟೀಚರ್, ಶನಿವಾರದ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು, ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಬೆಳಗಿನ ಜಾವ ಬೆಂಗಳೂರು ಬಿಟ್ಟವರು ಘಟ್ಟ ಹತ್ತಿ ಹೋಂಸ್ಟೇ ಹುಡುಕುತ್ತಾ, ಒಂದು ಕಣ್ಣು ಫೋನಿನ ಮ್ಯಾಪಿನ ಮೇಲಿಟ್ಟು ಓಡಿಸುವ ಹೊತ್ತೂ ನಿಮ್ಮ ಮಕ್ಕಳು ಗೇಟು ದಾಟುವ ಹೊತ್ತೂ ಒಂದೇ. ಮೇಲಿಂದ, ಮಳೆ ರಜೆ ಕೊಟ್ಟದ್ದನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನ, ಕೆಲವು ಸಲ ಭಾನುವಾರವೂ ಪಾಠ ಇಡುತ್ತಾರೆ. ಬೀಟ್ ಪೊಲೀಸರಿಗೆ ಈ ವೇಳಾಪಟ್ಟಿ ಗೊತ್ತೇ ಇರುವುದಿಲ್ಲ. ಪ್ರತಿ ಶುಕ್ರವಾರ ಠಾಣೆಗೆ ಒಂದು ಚೀಟಿ ಕಳಿಸಿ, ಬಿಡುವ ಸಮಯ ಬರೆದು.

ತಡೆಯುವ ಅಧಿಕಾರ ಕಾನೂನಿನಲ್ಲಿದೆ. ಮಳೆಗಾಲದಲ್ಲಿ ಮರದ ಲಾರಿ, ಮರಳು ಲಾರಿಗಳನ್ನು ಜಿಲ್ಲಾಧಿಕಾರಿ ನಿಲ್ಲಿಸುತ್ತಾರಲ್ಲ, ಅದು ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಬಲದಿಂದ. ಶಾಲೆ ಸೇರುವ, ಬಿಡುವ ಹೊತ್ತಿಗೆ ಭಾರಿ ವಾಹನ ತಡೆಯಿರಿ ಎಂದು ಅದೇ ಕಲಮಿನಡಿ ಕೇಳಬಹುದು. ಪ್ರವಾಸಿಗರನ್ನೇ ಪೂರ್ತಿ ತಡೆಯಿರಿ ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಒಂದು ಸೋಮವಾರ ಬೆಳಗ್ಗೆ ಶಾಲೆ ಎದುರು ನಿಂತು ನೋಡಿ, ಪ್ರವಾಸಿಗರ ಒಂದು ಗಾಡಿಯೂ ಇರುವುದಿಲ್ಲ. ಮಗು ನೆನೆಯಬಾರದು ಅಂತ ಅಪ್ಪ ಕಾರನ್ನು ಗೇಟಿನ ಬಾಯಿಗೇ ತಂದು ನಿಲ್ಲಿಸಿರುತ್ತಾರೆ. ಹಿಂದಿನ ಆಟೋ ಅದನ್ನು ಬಳಸಿ ಬಲಕ್ಕೆ ಬರುತ್ತದೆ. ಎದುರಿನಿಂದ ಬಸ್ಸು. ತೋಟದ ಕಾರ್ಮಿಕರ ಲೈನ್‌ಮನೆಯಿಂದ ನಡೆದು ಬಂದ ಮಕ್ಕಳು, ಒಂದೇ ಕೊಡೆಯಡಿ ಮೂವರು, ಇವುಗಳ ಸಂದಿಯಲ್ಲಿ ನುಸುಳುತ್ತಾರೆ. ಕಾರು, ಆಟೋಗಳು ನೂರು ಮೀಟರ್ ಹಿಂದೆಯೇ ನಿಲ್ಲಲಿ ಎಂದು ಪೋಷಕರ ಸಭೆಯಲ್ಲಿ ನಿರ್ಣಯ ಮಾಡಿಸಿ. ಹೊರಗಿನವರ ಮೇಲೆ ಕೂಗುವುದಕ್ಕಿಂತ ಇದು ಕಷ್ಟ, ಗೊತ್ತು.

ನನ್ನ ತೋಟದ ಬೇಲಿ ರಸ್ತೆಗೆ ತಾಗಿಕೊಂಡೇ ಇದೆ. ಅದನ್ನು ಹಿಂದಕ್ಕೆ ಸರಿಸಿ ಮಕ್ಕಳಿಗೆ ದಾರಿ ಬಿಡಿ ಎಂದು ಊರವರು ಕೇಳುತ್ತಿದ್ದಾರೆ. ಇಂದು ದಾರಿ ಬಿಟ್ಟರೆ ನಾಳೆ ರಸ್ತೆ ಅಗಲ ಮಾಡಲು ಬಂದಾರು ಎಂಬ ಭಯ.
– ಕಾಫಿ ಬೆಳೆಗಾರ, ಪೊನ್ನಂಪೇಟೆ ತಾಲ್ಲೂಕು

ಎಲ್ಲರೂ ಗೇಟಿನ ಹತ್ತಿರದ ಹತ್ತು ಮಾರು ರಸ್ತೆಗೆ ಜಗಳವಾಡುವಾಗ ನೀವೊಬ್ಬರು ನಿಜವಾದ ಜಾಗಕ್ಕೆ ಬಂದಿರಿ. ನಮ್ಮಲ್ಲಿ ಮಗು ಗೇಟಿಗೆ ಬರುವ ಮೊದಲು ಒಂದೋ ಎರಡೋ ಕಿಲೋಮೀಟರ್ ಟಾರಿನ ಮೇಲೇ ನಡೆದಿರುತ್ತದೆ. ಒಂದು ಕಡೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಒಂದು ಕಡೆ ಚರಂಡಿ. ಟಾರು ಮುಗಿದಲ್ಲಿ ಪಾಚಿ. ಆಗಸ್ಟ್ ಹೊತ್ತಿಗೆ ಕಾಡು ಬೆಳೆದು ಟಾರಿನ ಮೇಲೆ ವಾಲಿರುತ್ತದೆ, ನೀರಿನ ಪೈಪಿಗೆ ಅಗೆದ ಮಣ್ಣು ಅಲ್ಲಲ್ಲೇ ಗುಪ್ಪೆ ಬಿದ್ದಿರುತ್ತದೆ. ಕಾಲಿಡಲು ಅಂಚೇ ಇಲ್ಲದಿದ್ದರೆ ಹುಷಾರಾಗಿ ಹೋಗು ಎಂದು ಮಗುವಿಗೆ ಹೇಳಿ ಏನು ಪ್ರಯೋಜನ? ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತ ಪಾದಚಾರಿಗಳು 32,825. ಫುಟ್‌ಪಾತ್ ಎನ್ನುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿಯಾಗಿದೆ. ಇಲ್ಲಿ ಬರೆ ಕಡಿದು ಫುಟ್‌ಪಾತ್ ಮಾಡಲು ಹೊರಟರೆ ಬರೆಯೇ ಜರಿದು ಬಂದೀತು, ಅದೂ ಸತ್ಯ.

ಮೊದಲು ಸರ್ವೆ ಮಾಡಿಸಿ, ಬೇಲಿ ನಿಮ್ಮ ಗಡಿಯಲ್ಲಿದೆಯೋ ರಸ್ತೆಯ ಗಡಿಯಲ್ಲಿದೆಯೋ ನೋಡಿ. (ಚರಂಡಿ ಮಗುಚಿದಾಗಲೆಲ್ಲ ಬೇಲಿಗಳು ರಸ್ತೆ ಕಡೆಗೆ ಒಂದಡಿ ನಡೆಯುವುದನ್ನು ನೌಕರಿಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಬೇಲಿ ಎನ್ನುತ್ತಿಲ್ಲ.) ಗಡಿ ನಿಮ್ಮದೇ ಆದರೆ ಬೇಲಿ ಸರಿಸಬೇಡಿ. ಬೇಲಿಯ ಒಳಗೇ, ಮೊದಲ ಸಾಲು ಗಿಡಕ್ಕೂ ಬೇಲಿಗೂ ನಡುವೆ ನಾಲ್ಕಡಿ ಕಾಲುದಾರಿ ಕೊಟ್ಟು ಎರಡು ತುದಿಯಲ್ಲಿ ಚಿಕ್ಕ ಗೇಟಿಡಿ. ಶಾಲಾ ದಿನಗಳಲ್ಲಿ ಮಾತ್ರ, ನನ್ನ ಅನುಮತಿಯಿಂದ ಎಂದು ಪಂಚಾಯಿತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ದಾರಿ ಬಿಟ್ಟದ್ದು ನಿಮ್ಮ ಅನುಮತಿಯಿಂದ ಮಾತ್ರ ಎನ್ನುವುದಕ್ಕೆ ಆ ಕಾಗದ ದಾಖಲೆಯಾಗುತ್ತದೆ. ಕಾಡಾನೆ ತಿರುಗುವ ಕಡೆಯಾದರೆ ಇದು ಬೇಡ. ಅಲ್ಲಿ ಮಕ್ಕಳು ಜೀಪಿನಲ್ಲೇ ಹೋಗಲಿ.

ತಾತ, ರಸ್ತೆಯ ಎಡಗಡೆ ನಡೀಬೇಕಾ ಬಲಗಡೆನಾ? ನಮ್ಮ ಕ್ಲಾಸಲ್ಲಿ ಎರಡು ಗುಂಪಾಗಿದೆ.
– ಏಳನೇ ತರಗತಿ ಹುಡುಗಿ, ಸಿದ್ದಾಪುರದ ಹತ್ತಿರ

ಫುಟ್‌ಪಾತ್ ಇಲ್ಲದ ಕಡೆ ಬಲಗಡೆ, ಪುಟ್ಟಿ. ಆಗ ನಿನ್ನ ಬದಿಯ ಗಾಡಿ ಎದುರಿನಿಂದ ಬರುತ್ತದೆ, ನಿನಗೆ ಕಾಣುತ್ತದೆ. ಆದರೆ ನಮ್ಮ ರಸ್ತೆಗಳಲ್ಲಿ ಇನ್ನೊಂದು ತಿಳಿದಿರಬೇಕು: ರಸ್ತೆ ಬಲಕ್ಕೆ ತಿರುಗಿ ಬರೆ ಅಡ್ಡ ಬಂದಿದ್ದರೆ ನೀನು ತಿರುವಿನ ಒಳಬದಿಯಲ್ಲಿ ಸಿಕ್ಕಿಬೀಳುತ್ತೀ, ಚಾಲಕನಿಗೆ ನೀನು ಕಾಣುವುದು ಕೊನೇ ಗಳಿಗೆಯಲ್ಲಿ. ಅಂಥ ತಿರುವಿಗೆ ಬಹಳ ಮುಂಚೆಯೇ, ಎರಡೂ ಕಡೆ ಚೆನ್ನಾಗಿ ಕಾಣುವಲ್ಲಿ ದಾಟಿ ಹೊರಬದಿಗೆ ಹೋಗು, ತಿರುವು ಮುಗಿದ ಮೇಲೆ ವಾಪಸ್ ಬಾ. ಗಾಳಿಮಳೆಗೆ ಕೊಡೆಯನ್ನು ಮುಖದ ಮುಂದೆ ಹಿಡಿದರೆ ನಿನಗೆ ರಸ್ತೆಯೇ ಕಾಣುವುದಿಲ್ಲ, ಕಪ್ಪು ಕೊಡೆ ಮಂಜಿನಲ್ಲಿ ಗಾಡಿಯವರಿಗೂ ಕಾಣುವುದಿಲ್ಲ. ಹಳದಿ ರೈನ್‌ಕೋಟ್ ಕೊಡಿಸಲು ಹೇಳು. ನಿಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ನಿಮ್ಮ ಎರಡೂ ಗುಂಪಿನವರು ಅಲ್ಲಿಗೆ ಹೋಗಿ ರಸ್ತೆ ಬದಿಯ ಕಾಡು ಕಡಿಸಿ ಅಂತ ಕೇಳಿ.

ಅರ್ಜಿ ಯಾರಿಗೆ ಕೊಡುವುದು? ಪಂಚಾಯಿತಿಯವರು ಪಿಡಬ್ಲ್ಯುಡಿ ಅನ್ನುತ್ತಾರೆ, ಅವರು ಪೊಲೀಸ್ ಅನ್ನುತ್ತಾರೆ.
– ಎಸ್‌ಡಿಎಂಸಿ ಸದಸ್ಯ, ಕುಶಾಲನಗರ ತಾಲ್ಲೂಕು

ರಸ್ತೆ ಯಾರದು ಎಂದು ಮೊದಲು ಕೇಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ. ಊರ ಒಳರಸ್ತೆಯಾದರೆ ಪಂಚಾಯಿತಿ. ಮೂರು ಕಡೆ ಅಲೆಸಿದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಪೊಲೀಸ್, ಆರ್‌ಟಿಒ, ಎಂಜಿನಿಯರ್ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ. ಟೇಪಿನ ಅಳತೆ, ಫೋಟೊ, ಗ್ರಾಮಸಭೆಯ ನಿರ್ಣಯ ಲಗತ್ತಿಸಿ. ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವೋ ಅಂಗವೈಕಲ್ಯವೋ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುವ 198ಎ ಕಲಮನ್ನು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ್ದಾರೆ. ಅದನ್ನು ಅರ್ಜಿಯಲ್ಲಿ ಒಂದು ಸಾಲು ನೆನಪಿಸಿದರೆ ಕಡತ ತುಸು ಬೇಗ ಮೇಲೇಳುತ್ತದೆ. ಒಳಗಿದ್ದವನ ಮಾತು, ನಂಬಿ.

ಬಸ್ಸಿಲ್ಲದ ಊರು. ಮಗನಿಗೆ ಹದಿನೈದು, ಸ್ಕೂಟಿಯಲ್ಲಿ ಹೈಸ್ಕೂಲಿಗೆ ಹೋಗುತ್ತಾನೆ. ಚೆನ್ನಾಗಿಯೇ ಓಡಿಸುತ್ತಾನೆ. ತಪ್ಪೇ?
– ಒಬ್ಬ ತಂದೆ

ತಪ್ಪು. ಅವನು ಯಾರಿಗೂ ಗುದ್ದಬೇಕಾಗಿಲ್ಲ, ಓಡಿಸುತ್ತಾ ಸಿಕ್ಕಿಬಿದ್ದರೂ ಅದೇ ಕಾಯ್ದೆಯ 199ಎ ಕಲಮಿನಡಿ ನಿಮಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಸ್ಕೂಟಿಯ ನೋಂದಣಿ ಒಂದು ವರ್ಷ ರದ್ದು, ಅವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಸೈಕಲ್ ಕೊಡಿಸಿ. ಏರು ರಸ್ತೆ ಅನ್ನುತ್ತೀರಿ, ತಳ್ಳಿಕೊಂಡು ಹತ್ತಲಿ.